ಎದೆಯ ಮೇಲೆ ಟ್ರ್ಯಾಕ್ಟರ್

ನಾಲ್ಕು ವರ್ಷ ನಾನು ಒಬ್ಬ ಮನುಷ್ಯನನ್ನು ಬಾಯಿ ತುಂಬ ಬೈದಿದ್ದೇನೆ. ಮಗ್ಗದ ಮುಂದೆ ಕೂತು ಬೈದಿದ್ದೇನೆ, ನಲ್ಲಿಯ ಹತ್ತಿರ ನಿಂತು ಬೈದಿದ್ದೇನೆ, ಹನೂರಿನ ಬಸ್ಸಿನಲ್ಲಿ ಅವರ ನೆಂಟರಿಷ್ಟರು ಯಾರಾದರೂ ಇದ್ದಾರೇನೋ ಎಂದು ಕೂಡ ನೋಡದೆ ಬೈದಿದ್ದೇನೆ. ನಮ್ಮ ಬೀದಿಯ ಫುಟ್‌ಬಾಲ್ ತಂಡ ಅವರ ಕೈಗೆ ಸಿಕ್ಕಿ ಹಾಳಾಯಿತು ಎನ್ನುವುದು ನನ್ನ ದೂರು. ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವರನ್ನು ಮೊಟ್ಟಮೊದಲು ‘ಯಜಮಾನ್ರೇ’ ಎಂದು ಕರೆದವಳು ನಾನೇ ಎನ್ನುವುದನ್ನು ಮಾತ್ರ ಆ ನಾಲ್ಕು ವರ್ಷ ಬಾಯಿಬಿಟ್ಟು ಒಪ್ಪಿಕೊಂಡಿರಲಿಲ್ಲ. ಬೀದಿಗೆಲ್ಲ ಗೊತ್ತಿತ್ತು, ಅದು ಬೇರೆ ಮಾತು.

ನಾನು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿ, ಅದೇ ಬೀದಿಯ ಇನ್ನೊಂದು ತುದಿಗೆ ಮದುವೆಯಾಗಿ ಹೋದವಳು. ರೇಷ್ಮೆ ಸೀರೆ ನೇಯುವುದು ನಮ್ಮ ಕಸುಬು. ನಮ್ಮಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಊರಿಗೆಲ್ಲ ಭಾನುವಾರ ರಜೆ, ನಮಗೆ ಅಮಾವಾಸ್ಯೆ. ಆ ದಿನ ಬೆಳಿಗ್ಗೆ ಎದ್ದರೆ ಲಾಳಿಯ ಸದ್ದಿಲ್ಲದೆ ಬೀದಿಗೆ ಜ್ವರ ಬಂದ ಹಾಗಿರುತ್ತದೆ. ಮಧ್ಯಾಹ್ನದ ಊಟ ಮುಗಿಯುತ್ತಲೇ ಚಾಪೆ, ಕೊಡೆ, ಕಡಲೆಕಾಯಿ ಹಿಡಿದುಕೊಂಡು ಎಲ್ಲರೂ ಬೀದಿಯಾಚೆಯ ಬಯಲಿಗೆ ಹೊರಟುಬಿಡುತ್ತಿದ್ದೆವು. ಯಾಕೆಂದರೆ ಅಮಾವಾಸ್ಯೆಯ ಮಧ್ಯಾಹ್ನ ನಮ್ಮ ತಂಡದ ಆಟ.

ತಂಡ ಕಟ್ಟಿದವನು ನನ್ನ ಅಣ್ಣ. ಚಿಕ್ಕವನಿದ್ದಾಗ ಅವನು ಲೊಕ್ಕನಹಳ್ಳಿ ಕಡೆಯ ಸೋದರತ್ತೆಯ ಮನೆಗೆ ಹೋಗುತ್ತಿದ್ದ. ಆ ದಿಕ್ಕಿನಲ್ಲೇ ಟಿಬೆಟಿನವರ ಕ್ಯಾಂಪು ಇದೆ. ಕ್ಯಾಂಪಿನ ಹುಡುಗರು ಚೆಂಡು ಒದೆಯುವುದನ್ನು ಬೇಲಿಯ ಹೊರಗೆ ನಿಂತು ನೋಡಿ ನೋಡಿ, ಒಂದು ರಜೆಯಲ್ಲಿ ಬೇಲಿ ದಾಟಿ ಒಳಗೇ ಹೋದ. ವಾಪಸ್ ಬರುವಾಗ ಅವರು ಕೊಟ್ಟ ಹಳೆಯ ಚೆಂಡೊಂದು ಅವನ ಚೀಲದಲ್ಲಿತ್ತು. ಅವನದೊಂದು ಸಿದ್ಧಾಂತವಿತ್ತು. ಗುಂಡಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಮಗ್ಗದ ಪೆಡಲು ತುಳಿಯುವವರಿಗೆ ಚೆಂಡು ಒದೆಯುವುದು ಹೇಳಿಕೊಡಬೇಕಾಗಿಲ್ಲವಂತೆ. “ನಮ್ ಕಾಲ್ಗೆ ತುಳಿಯದು ಉಸುರಾಡ್ದಂಗೆ ಕಣಮ್ಮಿ,” ಅನ್ನುತ್ತಿದ್ದ. ತುಳಿಯುವುದೇ ಬೇರೆ, ಒದೆಯುವುದೇ ಬೇರೆ ಎಂದು ನಮ್ಮವರ ಆಟ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ಗೆಲ್ಲುತ್ತಿದ್ದೆವು.

ಗೆಲ್ಲುವುದಕ್ಕೆ ಒಂದು ಕಾರಣ ನನ್ನ ಅಣ್ಣ. ಗೋಲಿನಲ್ಲಿ ನಿಂತರೆ ಅವನ ಕೈಗೆ ಎರಡೂ ಕಡೆ ಕಣ್ಣಿರುತ್ತಿತ್ತು. ಇನ್ನೊಂದು ಕಾರಣ ಅಮಾವಾಸ್ಯೆ. ಬೇರೆ ಊರಿನವರಿಗೆ ಆ ದಿನ ಹೊಸಿಲು ದಾಟುವುದಕ್ಕೇ ಅಳುಕು. ಯಳಂದೂರಿನ ತಂಡದವರು ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಬರುತ್ತಿದ್ದರು. ಒಮ್ಮೆ ಅವರ ಗೋಲ್‌ಕೀಪರ್ ಚೆಂಡಿಗೆ ಹಾರಿ ತನ್ನ ನಿಂಬೆಹಣ್ಣಿನ ಮೇಲೆ ತಾನೇ ಬಿದ್ದ. ಹಣ್ಣು ಒಡೆದು ಚಡ್ಡಿ ಒದ್ದೆಯಾಯಿತು. ಒಡೆದದ್ದು ಅಪಶಕುನವೋ ಏನೋ ಎಂದು ಅವನು ಯೋಚಿಸುತ್ತ ನಿಂತಿರುವಾಗಲೇ ನಮ್ಮವರು ಇನ್ನೆರಡು ಹಾಕಿದರು. ಸುತ್ತಮುತ್ತಲ ಊರಿನಲ್ಲಿ ನಮ್ಮನ್ನು ‘ಅಮಾಸೆ ಟೀಮು’ ಅನ್ನುತ್ತಿದ್ದರು. ನಮಗದು ಬಿರುದಿನ ಹಾಗೆ.

ಬನಿಯನ್ನಿಗೆ ಬಣ್ಣ ಹಾಕುತ್ತಿದ್ದವಳು ನಾನು. ಸೀರೆಯ ನೂಲಿಗೆ ಹಾಕಿ ಉಳಿದ ಕುಂಕುಮದ ಬಣ್ಣದಲ್ಲಿ ಅದ್ದಿ ತೆಗೆದು, ತೋಳಿಗೆ ಹಳದಿ ಅಂಚು ಹೊಲಿಯುತ್ತಿದ್ದೆ. ರೇಷ್ಮೆಗೆ ಹಿಡಿಯುವ ಬಣ್ಣ ಹತ್ತಿ ಬನಿಯನ್ನಿಗೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಮಳೆ ಬಂದರೆ ಸಾಕು, ಆಟ ಮುಗಿಯುವ ಹೊತ್ತಿಗೆ ಎದುರಾಳಿಗಳೂ ಅರ್ಧ ನಮ್ಮ ಬಣ್ಣಕ್ಕೆ ತಿರುಗಿರುತ್ತಿದ್ದರು. ಮನೆಗೆ ಬಂದು ನೋಡಿದರೆ ನನ್ನ ಅಣ್ಣನ ಎದೆ, ಹೊಟ್ಟೆ ಎಲ್ಲ ಕೆಂಪಗೆ.

ಆ ಮನುಷ್ಯ ಬಂದದ್ದೂ ಒಂದು ಅಮಾವಾಸ್ಯೆಯ ದಿನವೇ. ಹನೂರಿನಲ್ಲಿ ಟ್ರ್ಯಾಕ್ಟರ್ ಷೋರೂಮ್ ಇಟ್ಟಿರುವವರು, ಸ್ವಂತ ಜಮೀನು ಕೂಡ ಇದ್ದ ಅನುಕೂಲಸ್ಥರು. ಬಯಲಿನ ಪಕ್ಕದ ಹೊಲದಲ್ಲಿ ಅವರು ಮಾರಿದ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತು. ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದಿದ್ದರು. ಮೆಕ್ಯಾನಿಕ್ ಎಂಜಿನ್ನಿನೊಳಗೆ ತಲೆ ಹಾಕಿದ, ಇವರು ಬದುವಿನ ಮೇಲೆ ನಿಂತು ನಮ್ಮ ಆಟ ನೋಡಿದರು. ಆಮೇಲೆ ಬದುವಿನಿಂದ ಇಳಿದು ನಮ್ಮ ಚಾಪೆಯ ಹತ್ತಿರಕ್ಕೇ ಬಂದರು.

“ಏನವ್ವ, ಇಷ್ಟೊಂದು ಜನ! ನಿಮ್ ಐಕ್ಳು ಬರಿಗಾಲಲ್ಲೇ ಆಡ್ತಾವಲ್ಲ?”

“ಇವತ್ತು ನಮ್ಗೆ ರಜ ಸಾ,” ಅಂದೆ ನಾನು. ಅಷ್ಟೇ ಅಂದದ್ದು. ಆ ಮಾತನ್ನು ನೆನಪಿಟ್ಟುಕೊಳ್ಳಿ.

ಹದಿನೈದು ದಿನ ಕಳೆಯುವುದರೊಳಗೆ ಒಂದು ಮಿನಿ ಲಾರಿ ನಮ್ಮ ಬೀದಿಗೆ ಬಂತು. ಹದಿನೆಂಟು ಜರ್ಸಿ, ಹದಿನೆಂಟು ಜೊತೆ ಬೂಟು, ಎರಡು ಹೊಸ ಚೆಂಡು. ಹಿಂದೆಯೇ ಅವರ ಕಾರು. ಬೀದಿಗೆ ಬೀದಿಯೇ ಸೇರಿತು. ಜರ್ಸಿ ಗಿಣಿಹಸಿರು ಬಣ್ಣದ್ದು, ಎದೆಯ ಮೇಲೆ ಅಂಗೈಯಗಲದ ಟ್ರ್ಯಾಕ್ಟರ್ ಚಿತ್ರ. ನನ್ನ ಅಣ್ಣ ಒಂದನ್ನು ಕೈಗೆತ್ತಿಕೊಂಡು ಟ್ರ್ಯಾಕ್ಟರನ್ನೇ ನೋಡುತ್ತ ನಿಂತ. ನಾನು ಮುಂದೆ ಹೋಗಿ ಕೈಮುಗಿದು, “ನೀವೇ ನಮ್ ಟೀಮ್ಗೆ ಯಜಮಾನ್ರು ಸಾ,” ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಯಾಕೆ ಅಂದೆ ಎಂದರೆ, ನಮ್ಮ ನಾಲಿಗೆಗೆ ಗೊತ್ತಿದ್ದದ್ದೇ ಅದು. ನಮ್ಮ ಕಸುಬಿನಲ್ಲಿ ನೂಲು ಕೊಡುವವರನ್ನು ಯಜಮಾನರು ಅನ್ನುತ್ತೇವೆ. ಹಾಸು ಅವರದು, ಹೊಕ್ಕು ಅವರದು, ಜರಿ ಅವರದು. ಎಲ್ಲವನ್ನೂ ತೂಕ ಹಾಕಿ ಕೊಡುತ್ತಾರೆ. ತಿಂಗಳುಗಟ್ಟಲೆ ಕೂತು ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಅವರ ಮುಂದಿಟ್ಟರೆ ಮತ್ತೆ ತೂಕ ಹಾಕಿ ಒಳಗಿಡುತ್ತಾರೆ. ಅಂಚು ಯಾವ ಬಣ್ಣ ಇರಲಿ, ಸೆರಗಿಗೆ ನವಿಲೋ ಮಾವಿನಕಾಯಿಯೋ, ಎಲ್ಲ ಅವರು ಹೇಳಿದ ಹಾಗೆ. ನಾವು ಹೇಳುವುದು ಒಂದೇ ಮಾತು, “ಆಗ್ಲಿ ಯಜಮಾನ್ರೇ.” ಸೀರೆ ಯಾರದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇನ್ನೊಂದು ಅಭ್ಯಾಸವನ್ನೂ ಹೇಳಿಬಿಡುತ್ತೇನೆ, ನಗಬೇಡಿ. ಬೇರೆಯವರ ಮನೆಯಿಂದ ಬಂದದ್ದನ್ನು ತೂಕ ಹಾಕದೆ ಒಳಗಿಟ್ಟುಕೊಂಡು ನನಗೆ ಗೊತ್ತಿಲ್ಲ. ಅವತ್ತು ಆ ಹದಿನೆಂಟು ಜರ್ಸಿಯನ್ನೂ ತಕ್ಕಡಿಯ ಮೇಲಿಟ್ಟು, ತೂಕವನ್ನು ಮಗ್ಗದ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದೆ.

ಅಲ್ಲಿಂದ ಶುರುವಾಯಿತು. ಮುಂದಿನ ಆಟ ಯಾವಾಗ ಇಟ್ಟುಕೊಳ್ಳೋಣ ಎಂದು ನಮ್ಮವರೇ ಹೋಗಿ ಅವರನ್ನು ಕೇಳಿದರು. ಭಾನುವಾರ ಇಡಿ ಅಂದರು. ಆಗಲಿ ಯಜಮಾನ್ರೇ. ಎಲ್ಲಿ ಎಂದು ಕೇಳಿದರು. ಹನೂರಿನಲ್ಲಿ ಒಳ್ಳೆ ಮೈದಾನ ಇದೆಯಲ್ಲ ಅಂದರು. ಆಗಲಿ ಯಜಮಾನ್ರೇ. ಅವರ ಅಕ್ಕನ ಮಗ ಕಾಲೇಜಿನಲ್ಲಿ ಆಡುತ್ತಾನೆ, ಮುಂದೆ ಹಾಕಿಕೊಳ್ಳಿ ಅಂದರು. ಅದಕ್ಕೂ ಆಗಲಿ. ಅವನು ಬೂಟಿನ ದಾರ ಕಟ್ಟುವುದರಲ್ಲಿ ನಿಪುಣ. ಅರ್ಧ ಆಟ ಅದೇ ಮಾಡುತ್ತಿದ್ದ.

ಭಾನುವಾರ ನಮ್ಮ ಬೀದಿಯಲ್ಲಿ ಎಲ್ಲ ಮಗ್ಗವೂ ನಡೆಯುತ್ತದೆ. ಮಗ್ಗ ನಿಲ್ಲಿಸಿ ಹನೂರಿಗೆ ಬಸ್ಸು ಹತ್ತುವವರು ಎಷ್ಟು ಜನ? ಮೊದಲ ಸಲ ಐವತ್ತು, ಆಮೇಲೆ ಇಪ್ಪತ್ತು, ಆಮೇಲೆ ನಾನು ಮತ್ತು ಇನ್ನು ನಾಲ್ಕೈದು ಜನ ಹಟಮಾರಿಗಳು. ಅಮಾವಾಸ್ಯೆಯ ಅಳುಕು ಕಳಚಿದ ಮೇಲೆ ಎದುರಾಳಿಗಳಿಗೆ ನಮ್ಮ ಮೇಲೆ ಮರ್ಯಾದೆಯೂ ಹೋಯಿತು. ಸೋಲತೊಡಗಿದೆವು. ಅಮಾವಾಸ್ಯೆಯ ದಿನ ಮಗ್ಗವೂ ಇಲ್ಲದೆ ಆಟವೂ ಇಲ್ಲದೆ ಬೀದಿಯ ಗಂಡಸರು ಟಿವಿಯ ಮುಂದೆ ಕೂತು ಆಕಳಿಸುತ್ತಿದ್ದರು. ಬಯಲಿನಲ್ಲಿ ತುಂಬೆ ಗಿಡ ಬೆಳೆಯಿತು.

ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬೈಗುಳದ ಸುರಿಮಳೆ. ಕೊನೆಗೆ ಒಂದು ಅರ್ಜಿ ಬರೆಯುವುದೆಂದು ತೀರ್ಮಾನವಾಯಿತು. ಬರೆಯಲು ಕೂತವಳು ನಾನು. ‘ನಮ್ಮ ತಂಡವನ್ನು ನಮಗೆ ಬಿಟ್ಟುಕೊಡಿ’ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಹಿರಿಯರೊಬ್ಬರು ಓದಿ, ಯಜಮಾನರಿಗೆ ಹಾಗೆಲ್ಲ ಬರೆಯಬಾರದು ಅಂದರು. ಇನ್ನೊಬ್ಬರು ‘ಮಾನ್ಯರೇ’ ಸೇರಿಸಿದರು. ಮತ್ತೊಬ್ಬರು ‘ತಮ್ಮ ಕೃಪೆಯಿಂದ’ ಸೇರಿಸಿದರು. ಕೈಯಿಂದ ಕೈಗೆ ಹೋಗಿ ನನ್ನ ಕೈಗೆ ಮರಳುವ ಹೊತ್ತಿಗೆ ಆ ಅರ್ಜಿಯಲ್ಲಿ ಉಳಿದಿದ್ದ ಬೇಡಿಕೆ ಇಷ್ಟು: ತಾವು ದಯಮಾಡಿ ತಂಡದ ಕಡೆ ಇನ್ನೂ ಹೆಚ್ಚಿನ ಗಮನ ಹರಿಸಬೇಕಾಗಿ ವಿನಂತಿ. ಬೀದಿಯವರೆಲ್ಲ ಸಹಿ ಹಾಕಿದರು. ನಾನೂ ಹಾಕಿದೆ. ಹಾಕುವಾಗ ಹಲ್ಲು ಕಡಿದದ್ದು ನಿಜ.

ಅವರು ಹೆಚ್ಚಿನ ಗಮನ ಹರಿಸಿದರು. ಮೈಸೂರಿನಿಂದ ಒಬ್ಬ ಕೋಚನ್ನು ಕರೆಸಿದರು. ಕೊರಳಲ್ಲಿ ಸೀಟಿ, ಕಣ್ಣಿಗೆ ಕಪ್ಪು ಕನ್ನಡಕ. ಬಂದ ಮೊದಲ ದಿನವೇ ಆ ಕೋಚು ನನ್ನ ಅಣ್ಣನಿಗೆ, ವಯಸ್ಸಾದವರು ಇನ್ನು ಹುಡುಗರಿಗೆ ಹೇಳಿಕೊಡುವುದು ಬೇಡ, ಕೂತು ನೋಡಿ ಸಾಕು ಅಂದ. ಅಣ್ಣ ಆಡುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೆ ತಂಡಕ್ಕೆ ಕಲಿಸುತ್ತಿದ್ದವನು ಅವನೇ. ಅವನು ನೇರ ಬಸ್ಸು ಹತ್ತಿ ಬಂದ. ನಮ್ಮ ಮನೆಯ ಜಗಲಿಯ ಮೇಲೆ ಕೂತ. ನಾನು ಕೊಟ್ಟ ಕಾಫಿ ಆರುವ ತನಕ ಕೈಯಲ್ಲೇ ಹಿಡಿದುಕೊಂಡಿದ್ದ.

“ಅಮಾಸೆ ಆಟ ವಾಪಸ್ ಬರಗಂಟ ನಾನು ಗ್ರೌಂಡ್ ಮಕ ನೋಡಲ್ಲ ಕಣಮ್ಮಿ,” ಅಂದ.

ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಅಂದಿನಿಂದ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ನಿದ್ದೆ ಬರುತ್ತಿರಲಿಲ್ಲ ಎಂದು ನನಗೆ ಗೊತ್ತು. ಒಮ್ಮೆ ನಾನು ಬಾಗಿಲಲ್ಲಿ ನಿಂತು ನೋಡಿದೆ. ಮಲಗಿದಲ್ಲೇ ಅವನ ಎರಡೂ ಕೈ ಸುಮ್ಮನೆ ಹಿಡಿಯುವುದು, ಬಿಡುವುದು, ಹಿಡಿಯುವುದು, ಬಿಡುವುದು ಮಾಡುತ್ತಿದ್ದವು. ನನಗೆ ನಿಂತಲ್ಲೇ ಅಳು ಬಂತು. ಅವತ್ತೇ ನಿರ್ಧಾರ ಮಾಡಿದೆ, ಏನಾದರೂ ಸರಿ, ಈ ತಂಡವನ್ನು ಆ ಮನುಷ್ಯನ ಕೈಯಿಂದ ಬಿಡಿಸಿ ಅಮಾವಾಸ್ಯೆಗೆ ತಂದು ನಿಲ್ಲಿಸದಿದ್ದರೆ ನಾನು ಅವನ ತಂಗಿಯೇ ಅಲ್ಲ.

ಪ್ರತಿಭಟನೆ ಮಾಡುವುದೆಂದು ಎರಡು ಟೆಂಪೋ ತುಂಬಿಸಿಕೊಂಡು ಹನೂರಿಗೆ ಹೋದೆವು. ಮೈದಾನಕ್ಕೆ ಬೆನ್ನು ಹಾಕಿ ಕೂರುವುದು ನನ್ನ ಉಪಾಯ. ಕೂತೆವು. ಆದರೆ ಬೆನ್ನ ಹಿಂದೆ ಆಟ ನಡೆಯುತ್ತಿರುವಾಗ ತಿರುಗದೆ ಕೂರುವುದು ಹೇಳಿದಷ್ಟು ಸುಲಭವಲ್ಲ. ಹೋ ಎಂದು ಕೂಗು ಕೇಳಿದರೆ ಕೊರಳು ತಾನೇ ಹೊರಳುತ್ತದೆ. ನಾನು ಸೆಲ್ಫಿ ತೆಗೆದುಕೊಳ್ಳುವವಳ ಹಾಗೆ ಫೋನು ಎತ್ತಿ ಹಿಡಿದು, ಹೆಗಲ ಮೇಲಿಂದ ಆಟವನ್ನೆಲ್ಲ ಅದರಲ್ಲೇ ನೋಡಿದೆ. ಅಕ್ಕಪಕ್ಕದವರೂ ನನ್ನ ಫೋನಿಗೇ ಮುಗಿಬಿದ್ದರು. ಇನ್ನೊಂದು ಸಲ ಹೋದಾಗ ನಾವು ಕೂರುವ ಕಡೆ ಶಾಮಿಯಾನ ಹಾಕಿಸಿದ್ದರು. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ನಾವು ತಿರುಗಿ ಕೂತಿದ್ದೆವು ಎಂದು ಟ್ರ್ಯಾಕ್ಟರ್ ಯಜಮಾನರು ತಿಳಿದಿದ್ದರಂತೆ.

ಅದಾದ ಮೇಲೆ ಯಳಂದೂರಿನಲ್ಲಿ ಒಂದು ಪಂದ್ಯ. ಯಜಮಾನರ ಅಕ್ಕನ ಮಗ ಪೆನಾಲ್ಟಿಯನ್ನು ಕಂಬದ ಮೇಲಿಂದ ಎತ್ತಿ ಹೊಡೆದ. ಎಷ್ಟು ಗೋಲಿನಿಂದ ಸೋತೆವು ಎಂದು ಇಲ್ಲಿ ಬರೆಯುವುದಿಲ್ಲ, ನನಗೂ ಮಾನವಿದೆ. ಮುಗಿದ ಮೇಲೆ ಯಳಂದೂರಿನ ಆ ಹಳೆಯ ಗೋಲ್‌ಕೀಪರ್, ನಿಂಬೆಹಣ್ಣಿನವನು, ಈಗ ಹೊಟ್ಟೆ ಬಂದಿದೆ, ನನ್ನ ಗುರುತು ಹಿಡಿದು ಹತ್ತಿರ ಬಂದ.

“ಅಮಾಸೆ ಟೀಮು ಅಂದ್ರೆ ಆಗ ನಮ್ಗೆ ಬೆವ್ರು ಬರದು ಕಣಕ್ಕ. ಈಗ ಆ ಟ್ರ್ಯಾಕ್ಟರ್ ನೋಡುದ್ರೆ ನಗ ಬತ್ತದೆ,” ಅಂದ. ಅವನಿಗೆ ಕೊಂಕು ಗೊತ್ತಿಲ್ಲ, ಬೇಜಾರಿನಿಂದಲೇ ಅಂದದ್ದು. ಅದಕ್ಕೇ ಇನ್ನೂ ಜಾಸ್ತಿ ಚುಚ್ಚಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಯಾರೊಂದಿಗೂ ಮಾತನಾಡಲಿಲ್ಲ. ನನ್ನನ್ನು ಬಲ್ಲವರಿಗೆ ಅದು ಎಂಥ ಸ್ಥಿತಿ ಎಂದು ಗೊತ್ತಾಗುತ್ತದೆ.

ಕಣ್ಣು ತೆರೆದದ್ದು ಫುಟ್‌ಬಾಲಿಗೆ ಸಂಬಂಧವೇ ಇಲ್ಲದ ಕಡೆ. ಹೋದ ವರ್ಷ ನಾನು ನೂಲಿನ ಯಜಮಾನರನ್ನು ಬಿಟ್ಟು, ಸ್ವಂತಕ್ಕೆ ನೂಲು ತಂದು ನೇಯುವುದೆಂದು ತೀರ್ಮಾನಿಸಿದೆ. ನೂಲಿನ ಯಜಮಾನರನ್ನು ಬಿಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಜಗಳವಿಲ್ಲ, ಕಾಗದಪತ್ರವಿಲ್ಲ. ಮನೆಯಲ್ಲಿ ಉಳಿದ ಅವರ ನೂಲು, ಜರಿ, ತುಂಡು ಎಳೆ ಕೂಡ ಬಿಡದೆ ಒಟ್ಟುಮಾಡಿ, ಅವರ ಮುಂದೆ ತೂಕ ಹಾಕಿ ಒಪ್ಪಿಸಬೇಕು. ಕಡಿಮೆ ಬಿದ್ದರೆ ನಮ್ಮ ಕೈಯಿಂದ ಅಷ್ಟು ರೇಷ್ಮೆ ಸೇರಿಸಿ ತೂಕ ಸರಿ ಮಾಡಬೇಕು. ಅಷ್ಟಾದರೆ ಸಂಬಂಧ ಮುಗಿಯಿತು. ನಮ್ಮ ನೂಲಿನ ಯಜಮಾನರು ತಕ್ಕಡಿಯನ್ನೇ ನೋಡುತ್ತ, “ಸರೋಯ್ತು ಕಣವ್ವ. ಇನ್ಮೇಲೆ ನಿನ್ ಸೀರೆ ನಿಂದು,” ಅಂದರು.

ಅವರ ಮನೆಯ ಮೆಟ್ಟಿಲಿಳಿಯುವಾಗ ನನ್ನ ಕಾಲು ಹಾಗೇ ನಿಂತಿತು. ಆ ಹನೂರಿನ ಮನುಷ್ಯ ನಮಗೆ ಕೊಟ್ಟದ್ದಾದರೂ ಏನು? ಹದಿನೆಂಟು ಜರ್ಸಿ, ಎರಡು ಚೆಂಡು. ಬೂಟುಗಳು ಮೊದಲ ಮಳೆಗೇ ಬಾಯಿ ಬಿಟ್ಟು ಹೋಗಿದ್ದವು. ಹುಡುಗರು ನಮ್ಮವರು, ಬಯಲು ನಮ್ಮದು, ಅಮಾವಾಸ್ಯೆ ನಮ್ಮದು, ಕಲಿಸಿದವನು ನನ್ನ ಅಣ್ಣ. ಹಾಸು ನಮ್ಮದೇ, ಹೊಕ್ಕು ನಮ್ಮದೇ. ಆತ ಕೊಟ್ಟದ್ದು ಮೇಲಿನ ಅಂಗಿ. ಅದಕ್ಕೆ ನಾವು ಸೀರೆಯನ್ನೇ ಕತ್ತರಿಸಿ ಮುಂದಿಟ್ಟು ಕೈಕಟ್ಟಿ ನಿಂತಿದ್ದೆವು. ತಂಡವನ್ನು ಯಾರೂ ಅವರಿಗೆ ಮಾರಿರಲಿಲ್ಲ, ಬರೆದುಕೊಟ್ಟಿರಲಿಲ್ಲ. ಬಿಟ್ಟುಕೊಡಿ, ಬಿಟ್ಟುಕೊಡಿ ಎಂದು ನಾಲ್ಕು ವರ್ಷ ಬೇಡಿಕೊಂಡದ್ದೇ ತಂಡವನ್ನು ಅವರದನ್ನಾಗಿ ಮಾಡಿತ್ತು. ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ದಾರಿಯಲ್ಲಿ ಸಿಕ್ಕ ಪರಿಚಯದವರು ಯಾರ ಜೊತೆ ಜಗಳವಾಯಿತು ಎಂದು ಕೇಳಿದರು.

ಮಾರನೆಯ ದಿನ ಮನೆಮನೆಗೆ ಹೋಗಿ ಜರ್ಸಿಗಳನ್ನು ಒಟ್ಟುಮಾಡಿದೆ. ಒಂದು ಮನೆಯಲ್ಲಿ ಅದು ಕಾಲೊರಸಾಗಿತ್ತು, ಇನ್ನೊಂದು ಮನೆಯಲ್ಲಿ ಸ್ಕೂಟರಿನ ಸೀಟಿಗೆ ಹೊದಿಸಿದ್ದರು. ಹದಿನೇಳು ಸಿಕ್ಕವು. ಒಗೆದು, ಇಸ್ತ್ರಿ ಮಾಡಿ, ಮಡಿಸಿದೆ. ಅಣ್ಣನನ್ನು ಕರೆದೆ. ಬರುವುದಿಲ್ಲ ಅಂದ. ಗ್ರೌಂಡಿಗಲ್ಲ, ಷೋರೂಮಿಗೆ, ಬಾ ಅಂದೆ. ಜರ್ಸಿಯ ಗಂಟು, ಎರಡು ಚೆಂಡು ಅವನ ಕೈಯಲ್ಲಿ, ತಕ್ಕಡಿ ನನ್ನ ಕೈಯಲ್ಲಿ. ತಕ್ಕಡಿ ಎಂದರೆ ಈಗೆಲ್ಲ ಡಬ್ಬಿಯಂಥ ಎಲೆಕ್ಟ್ರಾನಿಕ್ ತಕ್ಕಡಿ. ಜೊತೆಗೆ ನನ್ನದೇ ಸ್ವಂತ ನೂಲಿನ ಕುಂಕುಮದ ಬಣ್ಣದ ಒಂದು ರೇಷ್ಮೆ ಲಡಿ ಸೆರಗಿನಲ್ಲಿ ಕಟ್ಟಿಕೊಂಡಿದ್ದೆ.

ಷೋರೂಮಿನಲ್ಲಿ ಹೊಸ ಟ್ರ್ಯಾಕ್ಟರುಗಳ ನಡುವೆ ಮೇಜು ಹಾಕಿಕೊಂಡು ಅವರು ಕೂತಿದ್ದರು. ನಮ್ಮನ್ನು ನೋಡಿ ಎದ್ದರು. “ಬನ್ನಿ ಬನ್ನಿ. ಏನು, ಬಟ್ಟೆ ಅರ್ದೋಯ್ತ? ಬ್ಯಾರೆ ಒಲಿಸ್ಬೇಕ?”

ನಾನು ಮೇಜಿನ ಮೇಲೆ ತಕ್ಕಡಿ ಇಟ್ಟೆ. ಜರ್ಸಿಗಳನ್ನು ಅದರ ಮೇಲಿಟ್ಟೆ. ಗೋಡೆಯ ಮೇಲಿನ ಅಂಕಿ ನನಗೆ ಬಾಯಿಪಾಠವಾಗಿತ್ತು. ಕಳೆದುಹೋದದ್ದು ಒಂದು, ಸವೆದದ್ದು ಉಳಿದವು, ಒಂದು ಹಿಡಿಯಷ್ಟು ಕಡಿಮೆ ಬಿತ್ತು. ರೇಷ್ಮೆ ಲಡಿ ಬಿಚ್ಚಿ ಮೇಲಿಟ್ಟೆ. ಈಗ ಅಂಕಿ ದಾಟಿ ಸ್ವಲ್ಪ ಹೆಚ್ಚೇ ತೋರಿಸಿತು. ಇರಲಿ ಅಂದುಕೊಂಡೆ. ಅಣ್ಣ ಎರಡು ಚೆಂಡನ್ನೂ ಪಕ್ಕದಲ್ಲಿಟ್ಟ.

“ನೀವ್ ಕೊಟ್ಟಿದ್ದು ನಿಮ್ಗೆ ಬಂತು ಸಾ. ಇನ್ಮೇಲೆ ನಮ್ ಟೀಮು ನಮ್ದು,” ಅಂದೆ. ನಾಲ್ಕು ವರ್ಷದಿಂದ ಬಾಯಲ್ಲಿಟ್ಟುಕೊಂಡು ಬಂದ ಮಾತು. ಅವರು ಕೂಗಾಡುತ್ತಾರೆ, ನಾನೂ ನಾಲ್ಕು ಮಾತು ಆಡುತ್ತೇನೆ ಎಂದು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ.

ಅವರು ತಕ್ಕಡಿಯನ್ನು ನೋಡಿದರು, ರೇಷ್ಮೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಸಣ್ಣದಾಯಿತು.

“ನಾನ್ಯಾವತ್ತವ್ವ ಟೀಮು ನಂದು ಅಂದೆ? ಬಟ್ಟೆ ಕೊಟ್ಟೆ, ಅಷ್ಟೆಯ. ಯಜಮಾನ್ರು ಯಜಮಾನ್ರು ಅಂತ ನೀವೇ ಬಂದ್ರಿ. ಯಾವತ್ತು ಆಡಾನ, ಎಲ್ಲಿ ಆಡಾನ ಅಂತ ನನ್ನೇ ಕೇಳುದ್ರಿ. ಕೇಳುದ್ಮೇಲೆ ಏನಾರ ಯೋಳ್ಬೇಕಲ್ವಾ? ಅದ್ಕೇ ಯೋಳ್ದೆ.”

“ಭಾನ್ವಾರ ಅಂದ್ರಲ್ಲ ಸಾ,” ಅಂದ ಅಣ್ಣ. ಆ ಹೊತ್ತಿಗೆ ಅವನು ಆಡಿದ ಮೊದಲ ಮಾತು. “ನಮ್ದು ಅಮಾಸೆ ಆಟ.”

“ಅಮಾಸೆಗೇ ಆಡ್ಬೇಕು ಅಂತ ಯಾರಪ್ಪ ಯೋಳುದ್ರು ನಂಗೆ? ಅಮಾಸೆ ದಿನ ಟ್ರ್ಯಾಕ್ಟರ್ ತಕಳಕ್ಕೆ ಯಾವನೂ ಬರಲ್ಲ. ನಾನು ಬೆಳ್ಗೆಯಿಂದ ಇಲ್ಲಿ ನೊಣ ಒಡೀತಾ ಕೂತಿರ್ತೀನಿ. ಯೋಳಿದ್ರೆ ಅವತ್ತೇ ಮಡಗ್ತಿದ್ನಲ್ಲ!”

‘ಇವತ್ತು ನಮ್ಗೆ ರಜ’ ಎಂದಷ್ಟೇ ಅಂದಿದ್ದವಳು ನಾನು. ಅಮಾವಾಸ್ಯೆ ಎಂಬ ಪದವನ್ನು ನಮ್ಮ ಬೀದಿಯ ಒಬ್ಬರೂ ಆ ಮನುಷ್ಯನ ಮುಂದೆ ಆಡಿರಲಿಲ್ಲ. ಅರ್ಜಿಯಲ್ಲೂ ಬರೆದಿರಲಿಲ್ಲ. ಯಜಮಾನರು ಹೇಳಿದ ಮೇಲೆ ಎದುರು ಹೇಳುವ ಅಭ್ಯಾಸ ನಮಗಿಲ್ಲ. ಎದುರಿಗೆ ಆಗಲಿ ಎನ್ನುವುದು, ಬೀದಿಗೆ ಬಂದು ಬೈಯುವುದು. ಅವರದೂ ತಪ್ಪಿಲ್ಲವೆಂದಲ್ಲ. ನನ್ನ ಅಣ್ಣನನ್ನು ಮೂಲೆಗೆ ಕೂರಿಸಿದ್ದು, ಅಕ್ಕನ ಮಗನನ್ನು ಮುಂದೆ ನಿಲ್ಲಿಸಿದ್ದು ಸಣ್ಣ ತಪ್ಪೇನಲ್ಲ. ಅದನ್ನು ಅಲ್ಲೇ ಮುಖದ ಮೇಲೆ ಹೇಳಿದೆ. ಹೇಳಿ ನೋಡಿದರೆ ಅದು ಅಷ್ಟೇನೂ ಕಷ್ಟದ ಕೆಲಸವಾಗಿರಲಿಲ್ಲ. ಅವರು ಅಣ್ಣನ ಕಡೆ ತಿರುಗಿ, “ತೆಪ್ಪಾಯ್ತು ಕಣಪ್ಪ, ಆ ಕೋಚು ಯೋಳ್ದ, ನಾನು ತಲೆ ಆಡುಸ್ದೆ,” ಅಂದರು. ಅಣ್ಣ ಆಗಲಿ ಎನ್ನುವಂತೆ ತಲೆದೂಗಿದ.

ಹೊರಡುವಾಗ ಅವರು ರೇಷ್ಮೆ ಲಡಿಯನ್ನು ಎತ್ತಿ ಹಿಡಿದು, “ಇದ್ನೇನವ್ವ ಮಾಡ್ಲಿ?” ಅಂದರು.

“ಅದು ನಿಮ್ದು ಸಾ. ತೂಕದ್ದು,” ಅಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವಷ್ಟು ತಾಳ್ಮೆ ಅವತ್ತು ನನಗಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಹನ್ನೆರಡು ದಿನ ಇತ್ತು. ಬೀದಿಯವರೆಲ್ಲ ಸೇರಿ ತುಂಬೆ ಗಿಡ ಕಿತ್ತರು. ನಾನು ಬನಿಯನ್ನುಗಳನ್ನು ಬಣ್ಣದಲ್ಲಿ ಅದ್ದಿದೆ. ಅಣ್ಣ ಕ್ಯಾಂಪಿಗೆ ಹೋಗಿ ತನ್ನ ಹಳೆಯ ಗೆಳೆಯರ ಮಕ್ಕಳ ತಂಡವನ್ನು ಕರೆದು ಬಂದ. ಅವರು ಬೆಟ್ಟದ ಮೇಲೆ ಆಡಿ ಬೆಳೆದವರು, ನಿಂಬೆಹಣ್ಣಿಗೂ ಅಮಾವಾಸ್ಯೆಗೂ ಹೆದರುವವರಲ್ಲ. ಮೊದಲ ಆಟಕ್ಕೇ ಅವರನ್ನು ಯಾಕೆ ಕರೆದೆಯೋ ಮಾರಾಯ ಎಂದು ಕೇಳಿದ್ದಕ್ಕೆ, “ಚೆಂಡು ಕೊಟ್ಟೋರು ಅವ್ರೆಯ. ತೂಕ ಹಾಕಿ ವಾಪಸ್ ಕೊಡಕ್ಕಾಗಲ್ಲ, ಆಡೇ ಕೊಡ್ಬೇಕು,” ಅಂದ.

ಆ ಮಧ್ಯಾಹ್ನ ಬಯಲಿನಲ್ಲಿ ಚಾಪೆ ಹಾಸಲು ಜಾಗವಿರಲಿಲ್ಲ. ಅಣ್ಣ ನಾಲ್ಕು ವರ್ಷದ ಮೇಲೆ ಬಂದು ಗೋಲಿನ ಹಿಂದೆ ನಿಂತ. ಸೀಟಿ ಊದುವ ಮೊದಲು ಬಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ನಾನು ನೋಡಲಿಲ್ಲವೆಂಬಂತೆ ಕಡಲೆಕಾಯಿ ಬಿಡಿಸುತ್ತ ಕೂತೆ.

ಆಟವನ್ನು ಏನು ಹೇಳಲಿ. ಕ್ಯಾಂಪಿನ ಹುಡುಗರು ಗಾಳಿ ನುಗ್ಗಿದ ಹಾಗೆ ನುಗ್ಗಿದರು. ಅರ್ಧ ಆಟಕ್ಕೆ ಮೂರು ಗೋಲು ಹಾಕಿದರು. ನಮ್ಮವರಿಗೆ ಒಟ್ಟಾಗಿ ಆಡಿಯೇ ಎಷ್ಟು ಕಾಲವಾಗಿತ್ತು! ಒಬ್ಬರು ಕೊಟ್ಟ ಚೆಂಡು ಇನ್ನೊಬ್ಬರಿಗೆ ಮುಟ್ಟುತ್ತಿರಲಿಲ್ಲ. ಆದರೂ ಬೀದಿಗೆ ಬೀದಿಯೇ ಗಂಟಲು ಹರಿಯುವಂತೆ ಕೂಗುತ್ತಿತ್ತು. ಬೆನ್ನು ಹಾಕಿ ಕೂತವರು ಒಬ್ಬರೂ ಇರಲಿಲ್ಲ.

ಎರಡನೆಯ ಅರ್ಧ ಶುರುವಾಗುವಾಗ ಬದುವಿನ ಮೇಲೆ ಒಂದು ಕಾರು ನಿಂತಿತು. ಅವರು ಇಳಿದರು, ಒಬ್ಬರೇ. ಅಂಗಿಯ ಜೇಬಿನಿಂದ ನನ್ನ ರೇಷ್ಮೆ ಲಡಿಯ ತುದಿ ಇಣುಕುತ್ತಿತ್ತು. ಬಾಗಿಲಲ್ಲಿ ನಿಂತ ನೆಂಟರ ಹಾಗೆ ಚಾಪೆಗಳ ಅಂಚಿನಲ್ಲಿ ನಿಂತು ಅತ್ತ ಇತ್ತ ನೋಡಿದರು. ಬೀದಿಯವರು ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

“ಎಲ್ಲಿ ಕೂತ್ಕಳ್ಲವ್ವ?” ಅಂದರು.

“ಬನ್ನಿ ಯಜ...” ಎಂದು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ನುಂಗಿಕೊಂಡೆ. “ಬನ್ನಣ್ಣ. ಇಲ್ಲೇ ಕೂತ್ಕಳಿ,” ಎಂದು ಚಾಪೆಯ ಮೇಲೆ ಸರಿದು ಜಾಗ ಬಿಟ್ಟೆ.

ಅವರು ಚಪ್ಪಲಿ ಬಿಟ್ಟು ಕೂತರು. ನಾನು ಕಡಲೆಕಾಯಿ ಕೊಟ್ಟೆ. ಎರಡು ಬಿಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನಮ್ಮ ಕಡೆ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಕ್ಯಾಂಪಿನ ಹುಡುಗನೊಬ್ಬ ಚೆಂಡನ್ನು ನಿಧಾನವಾಗಿ ತೆಗೆದುಕೊಂಡು ಹೋಗಿ ಗೋಲಿಗೆ ನೂಕಿದ. ನಾಲ್ಕು. ಗೋಲಿನ ಹಿಂದೆ ನನ್ನ ಅಣ್ಣ ತಲೆಯ ಮೇಲೆ ಎರಡೂ ಕೈ ಹೊತ್ತು ನಿಂತ.

“ಅಯ್ಯಯ್ಯೋ! ಇದ್ಯಾರ್ದವ್ವ ತೆಪ್ಪು?” ಅಂದರು ಅವರು, ಕಡಲೆಕಾಯಿ ಕೈಯಲ್ಲೇ ಹಿಡಿದು.

ನಾಲ್ಕು ವರ್ಷದ ಅಭ್ಯಾಸ, ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಬಯಲನ್ನೆಲ್ಲ ಒಮ್ಮೆ ನೋಡಿದೆ.

“ನಮ್ದೇ ಕಣಣ್ಣ,” ಅಂದೆ.